ಮಾಲೆ ಹಾಕಿದ ಮೂರನೇ ರಾತ್ರಿ: ಕೋಲಾರ ಮಂಡಿಯ ಒಂದು ಕೇಸು

ಈ ಕೇಸ್ ಬರೀಬೇಕು ಅಂತ ಒಂದೂವರೆ ವರ್ಷದಿಂದ ಅಂದ್ಕೋತಾನೇ ಇದೀನಿ, ಬರಿಯೋಕೆ ಕೂತ್ರೆ ನನ್ನ ತಪ್ಪೇ ಮೊದಲು ಬರುತ್ತೆ ಅಂತ ಮುಂದಕ್ಕೆ ಹಾಕ್ತಾ ಬಂದೆ. ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿರೋ ಹುಡುಗ ಫೀಲ್ಡಿಂದ ಬಂದು "ಸಾರ್, ಒಬ್ರು ನಿನ್ನೆಯಿಂದ ಕುಡಿಯೋದು ಪೂರ್ತಿ ಬಿಟ್ಬಿಟ್ರಂತೆ, ಕೈ ಕುಲುಕಿ ಬಂದೆ" ಅಂದ, ಮುಖದ ತುಂಬಾ ಖುಷಿ. ನಂಗೆ ಎದೆ ಧಸಕ್ ಅಂತು. "ಬೆಳಿಗ್ಗೆ ಎಷ್ಟೊತ್ತಿಗೆ ಶುರು ಮಾಡ್ತಿದ್ರು, ಕೇಳಿದ್ಯಾ?" ಅಂದೆ. ಕೇಳಿರ್ಲಿಲ್ಲ. ಇಬ್ಬರೂ ಆಗಲೇ ಬೈಕ್ ಹತ್ತಿ ಹೋದ್ವಿ. ಆ ಮನುಷ್ಯ ಸಂಜೆ ಒಂದು ನೈಂಟಿ ಗಿರಾಕಿ ಅಷ್ಟೇ, ಆರಾಮಾಗಿ ಕಾಫಿ ಕುಡೀತಾ ಕೂತಿದ್ರು. ವಾಪಸ್ ಬರ್ತಾ ಹುಡುಗ ಯಾಕೆ ಸಾರ್ ಅಷ್ಟು ಗಾಬರಿ ಅಂತ ಕೇಳ್ದ, ದಾರಿಯುದ್ದಕ್ಕೂ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಾನು ಕೋಲಾರದ ಕಡೆ ಕುಡಿತದಲ್ಲಿ ಸಿಕ್ಕಿಕೊಂಡಿರೋರ ಜೊತೆ ಕೆಲಸ ಮಾಡೋ ಔಟ್‌ರೀಚ್ ವರ್ಕರ್. ಡಾಕ್ಟರಲ್ಲ, ನರ್ಸೂ ಅಲ್ಲ. ನಾನೂ ಕುಡೀತಿದ್ದೋನೇ, ಬಿಟ್ಟು ಒಂಬತ್ತು ವರ್ಷ ದಾಟ್ತು. ನಾನು ಬಿಟ್ಟಾಗ ಎರಡು ದಿನ ನಿದ್ದೆ ಬರ್ಲಿಲ್ಲ, ಒಂದಷ್ಟು ಬೆವರು, ಅಷ್ಟಕ್ಕೇ ಮುಗೀತು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಆಗಿದ್ದರಲ್ಲಿ ಇದರ ಪಾಲೂ ಇದೆ. ಕೇಸಿನ ಊರು, ವಯಸ್ಸು, ಮನೆ ವಿಚಾರ ಸ್ವಲ್ಪ ಬದಲಾಯಿಸಿದೀನಿ, ಗಂಡ ಹೆಂಡ್ತಿ ಇಬ್ರಿಗೂ ಓದಿ ಹೇಳಿ ಒಪ್ಪಿಗೆ ತಗೊಂಡಿದೀನಿ. ಹೆಸರು ಬೇಡ. ನಾನು ಅವರನ್ನ ಅಣ್ಣ ಅಂತೀನಿ, ಅವರ ಹೆಂಡ್ತೀನ ಅಕ್ಕ ಅಂತೀನಿ, ಅವರು ನನ್ನ ಗುರು ಅಂತಾರೆ, ಅಕ್ಕ ಅಣ್ಣಯ್ಯ ಅಂತಾರೆ.

ಅಣ್ಣ ಟೊಮೆಟೊ ಮಂಡಿ ಹಮಾಲಿ. ವಯಸ್ಸು ನಲವತ್ತರ ಹತ್ರ, ಮುಳಬಾಗಿಲು ರೋಡ್ ಕಡೆ ಹಳ್ಳಿ, ಮನೇಲಿ ತೆಲುಗು ಬೀದೀಲಿ ಕನ್ನಡ. ಕೋಲಾರ ಎಪಿಎಂಸಿ ನೋಡಿರೋರಿಗೆ ಗೊತ್ತು, ಜೂನಿಂದ ಸೆಪ್ಟೆಂಬರ್ ತನಕ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹರಾಜು ಮುಗೀತಿದ್ದಂಗೆ ಲಾರಿ ಲೋಡಿಂಗ್, 15 ಕೆಜಿ ಬಾಕ್ಸು, ಒಬ್ಬ ದಿನಕ್ಕೆ ಎಷ್ಟು ಎತ್ತುತಾನೆ ಅಂತ ಲೆಕ್ಕ ಹಾಕಿದ್ರೆ ನಮ್ಮ ಸೊಂಟ ಹಿಡ್ಕೊಳುತ್ತೆ. 2023ರ ಜುಲೈನಲ್ಲಿ ಬಾಕ್ಸಿಗೆ 2,000 ದಾಟಿದಾಗ ಟಿವಿಯೋರೆಲ್ಲಾ ಬಂದು ರೈತರ ಮುಖ ತೋರಿಸಿದ್ರು, ವ್ಯಾಪಾರಿಗಳ ಮುಖ ತೋರಿಸಿದ್ರು, ಎತ್ತೋರ ಮುಖ ಯಾರೂ ತೋರಿಸ್ಲಿಲ್ಲ, ಯಾಕಂದ್ರೆ ಬಾಕ್ಸು 200 ಇರ್ಲಿ 2,000 ಇರ್ಲಿ ಎತ್ತೋ ಕೂಲಿ ಅದೇ. ಹೆಚ್ಚಿಗೆ ಸಿಕ್ಕಿದ್ದು ಅಂದ್ರೆ ಲೋಡ್ ಮುಗಿದ ಮೇಲೆ ಕೈಗೆ ಇಡೋ ಎಣ್ಣೆ ಕಾಸು. ಇದನ್ನ ಯಾರೂ ಕೂಲಿ ಲೆಕ್ಕಕ್ಕೆ ತಗೊಳಲ್ಲ, ಖುಷಿಗೆ ಕೊಟ್ಟಿದ್ದು ಅಂತಾರೆ. ಕೊಟ್ಟಿಲ್ಲ ಅಂದ್ರೆ ಮಾತ್ರ ಜಗಳ ಆಗುತ್ತೆ.

ನಾನು ಅವರನ್ನ ಮೊದಲು ಕಂಡಿದ್ದು ಅದೇ ವರ್ಷ ಆಗಸ್ಟಲ್ಲಿ, ಮಂಡಿ ಗೇಟ್ ಹತ್ರ ಟೀ ಅಂಗಡೀಲಿ. ಡಬ್ಲ್ಯುಎಚ್‌ಓದೋರ ಹತ್ತು ಪ್ರಶ್ನೆ ಇರುತ್ತಲ್ಲ, ಆಡಿಟ್ ಅಂತಾರೆ, 40ಕ್ಕೆ ಅಂಕ, 8 ಮುಟ್ಟಿದ್ರೆ ಹುಷಾರು ಅಂತ, 20 ಮುಟ್ಟಿದ್ರೆ ಚಟ ಗಟ್ಟಿಯಾಗಿರಬಹುದು ಅಂತ ಲೆಕ್ಕ. ಅಣ್ಣಂದು 27 ಬಂತು. ಹದಿನೇಳನೇ ವಯಸ್ಸಲ್ಲಿ ಪ್ಯಾಕೆಟ್ ಸಾರಾಯಿಂದ ಶುರು ಮಾಡಿದ್ದು, 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆದಾಗ ಎರಡು ದಿನ ಹಠ ಮಾಡಿ ಆಮೇಲೆ ಟೆಟ್ರಾ ಪ್ಯಾಕ್ ವಿಸ್ಕಿಗೆ ಬಂದಿದ್ದು, ಅಷ್ಟೇ ವ್ಯತ್ಯಾಸ. ದಿನಕ್ಕೆ ಮೂರು ಕ್ವಾರ್ಟರ್, ಒಂದೊಂದೂ 180 ಎಂಎಲ್. 30 ಎಂಎಲ್ ವಿಸ್ಕಿ ಅಂದ್ರೆ ಒಂದು ಡ್ರಿಂಕ್, ಅಂದ್ರೆ 10 ಗ್ರಾಂ ಆಲ್ಕೋಹಾಲ್ ಅಂತ ನಾವು ಎಣಿಸೋದು, ಆ ಲೆಕ್ಕದಲ್ಲಿ ಒಂದು ಕ್ವಾರ್ಟರಿಗೆ ಆರು, ದಿನಕ್ಕೆ 18. ಅವತ್ತು ಅವರು ಹೇಳಿದ ಇನ್ನೊಂದು ಮಾತು ನನ್ನ ಬುಕ್ಕಲ್ಲಿ ಇವತ್ತಿಗೂ ಇದೆ: "ವೈನ್ ಶಾಪ್ ತೆಗೆಯೋದು ಲೇಟು ಗುರು, ಅದಕ್ಕೇ ರಾತ್ರೀನೇ ಒಂದು ಟೆಟ್ರಾ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತೀನಿ, ಐದೂವರೆಗೆ ಅದು ಬೀಳದೇ ಇದ್ರೆ ಲುಂಗಿ ಕಟ್ಟೋಕೂ ಕೈ ನಿಲ್ಲಲ್ಲ."

ಕುಡಿಯೋದು ಮಜಕ್ಕಲ್ಲ, ಕೈ ನಿಲ್ಲೋಕೆ. ಇಡೀ ಕೇಸಿನ ಮುಖ್ಯ ಮಾತು ಇದೊಂದೇ, ನಾನು ಅದರ ಮುಂದೆ "ಬೆಳಗಿನ ಕುಡಿತ: ಹೌದು" ಅಂತ ಟಿಕ್ ಹಾಕಿ ಪುಟ ತಿರುಗಿಸಿದ್ದೆ. ಯಾರು ಎಷ್ಟು ಕುಡೀತಾರೆ ಅನ್ನೋದು ಒಂದು ಕಡೆ ಇರ್ಲಿ. ಬೆಳಿಗ್ಗೆ ಎದ್ದ ತಕ್ಷಣ ಬೇಕೇ ಬೇಕು ಅನ್ನೋ ಮೈ, ರಾತ್ರಿ ಮಲಗಿರೋ ಆರೇಳು ಗಂಟೇಲೇ ಒಣಗೋಕೆ ಶುರುವಾಗಿರುತ್ತೆ. ಮೆದುಳು ವರ್ಷಗಟ್ಟಲೆ ಮದ್ಯದ ಭಾರಕ್ಕೆ ಎದುರಾಗಿ ತಳ್ಳಿ ತಳ್ಳಿ ರೂಢಿಯಾಗಿರುತ್ತೆ, ಆ ಭಾರ ದಿಢೀರಂತ ತೆಗೆದ್ರೆ ತಳ್ತಿದ್ದೋನು ಮುಗ್ಗರಿಸಿ ಬೀಳ್ತಾನಲ್ಲ, ಹಂಗೆ. ಆರರಿಂದ 24 ಗಂಟೆ ಒಳಗೆ ನಡುಕ, ಬೆವರು, ವಾಂತಿ. ಎರಡು ದಿನದ ಒಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಸನ್ನಿ, ಅಂದ್ರೆ ಬುದ್ಧಿ ಕಲಸಿ ಇಲ್ಲದ್ದೆಲ್ಲಾ ಕಾಣೋದು. ಎಲ್ಲರಿಗೂ ಹಿಂಗೇ ಆಗಲ್ಲ, ಹೆಚ್ಚಿನೋರಿಗೆ ನನ್ನ ಥರ ಎರಡು ದಿನದ ಕಾಟದಲ್ಲಿ ಮುಗಿಯುತ್ತೆ, ಅಪಾಯ ಇರೋದೂ ಅಲ್ಲೇ.

ಸೆಪ್ಟೆಂಬರಲ್ಲಿ ನಡೆದ ಒಂದು ವಿಷಯ ನಂಗೆ ಆಗ ಗೊತ್ತಾಗ್ಲೇ ಇಲ್ಲ, ಆಸ್ಪತ್ರೇಲಿ ಅಕ್ಕ ಅಳ್ತಾ ಹೇಳಿದ್ಮೇಲೆ ಗೊತ್ತಾಗಿದ್ದು. ತವರಿನ ಕಡೆಯೋರು ಯಾರೋ ಹೇಳಿದ್ರಂತೆ, ಒಂದು ಮಾತ್ರೆ ಇದೆ, ಗೊತ್ತಾಗದಂಗೆ ಊಟದಲ್ಲಿ ಹಾಕು, ಕುಡಿದ್ರೆ ವಾಂತಿ ಆಗಿ ತಾನೇ ಬಿಡ್ತಾನೆ ಅಂತ. ಒಂದು ಮೆಡಿಕಲ್ ಸ್ಟೋರಲ್ಲಿ ಚೀಟಿ ಇಲ್ದೇನೇ ಕೊಟ್ಟಿದಾರೆ. ಡೈಸಲ್ಫಿರಾಮ್. ಈ ಮಾತ್ರೆ ಕೆಟ್ಟದ್ದಲ್ಲ, ಡಾಕ್ಟರ್ ನೋಡಿಕೊಂಡು, ಲಿವರ್ ಟೆಸ್ಟ್ ಮಾಡ್ಸಿ, ಕುಡಿಯೋನೇ ಒಪ್ಪಿ ದಿನಾ ನುಂಗಿದ್ರೆ ಕೆಲವರಿಗೆ ತುಂಬಾ ಕೆಲಸಕ್ಕೆ ಬರುತ್ತೆ. ಮದ್ಯ ಲಿವರಲ್ಲಿ ಒಡೆಯೋವಾಗ ನಡುವೆ ಅಸಿಟಾಲ್ಡಿಹೈಡ್ ಅನ್ನೋ ವಿಷ ಹುಟ್ಟುತ್ತೆ, ಮಾಮೂಲಿಯಾಗಿ ಅದು ಬೇಗ ಕರಗಿಹೋಗುತ್ತೆ, ಈ ಮಾತ್ರೆ ಆ ದಾರೀನೇ ಮುಚ್ಚಿಬಿಡುತ್ತೆ. ಗೊತ್ತಿದ್ದೋನು ಹೆದರಿ ಗ್ಲಾಸ್ ಮುಟ್ಟಲ್ಲ. ಗೊತ್ತಿಲ್ದೋನು ಎಂದಿನಂಗೆ ಕ್ವಾರ್ಟರ್ ಎತ್ತುತಾನೆ.

ಅಣ್ಣ ಮಂಡೀಲಿ ಲೋಡಿಂಗ್ ಮಧ್ಯೆ ಕುಸಿದು ಬಿದ್ರು. ಮುಖ ಕೆಂಪಗೆ, ಎದೆ ಡವಡವ, ವಾಂತಿ, ತಲೆ ಸಿಡಿಯೋ ನೋವು. ಮುಖ ನೋಡಿ ಟೊಮೆಟೊ ಹಣ್ಣಾಯ್ತು ಅಂತ ನಕ್ಕೋರೂ ಇದ್ರಂತೆ ಮೊದಲು, ಆಮೇಲೆ ಹಾರ್ಟ್ ಅಟ್ಯಾಕ್ ಅಂತ ಎತ್ತಿಕೊಂಡು ಓಡಿದಾರೆ. ಅಲ್ಲಿನ ಡಾಕ್ಟರಿಗೂ ಮಾತ್ರೆ ವಿಷ್ಯ ಗೊತ್ತಿಲ್ಲ, ಇಸಿಜಿ ತೆಗೆದು ಕಳಿಸಿದ್ರು. ಮಾತ್ರೆ ನಿಲ್ಲಿಸಿದ್ರೂ ಅದರ ಗುಣ ಎರಡು ವಾರದ ತನಕ ಮೈಯಲ್ಲಿ ಇರುತ್ತೆ, ಹಂಗಾಗಿ ನಾಲ್ಕು ದಿನ ಬಿಟ್ಟು ಮತ್ತೆ ಹಿಂಗೇ ಆಯ್ತು. ಅಷ್ಟೊತ್ತಿಗೆ ಮಗ ರಾಗಿ ಡಬ್ಬದಲ್ಲಿ ಮಾತ್ರೆ ಶೀಟ್ ನೋಡಿ, ಮಕ್ಕಳಲ್ವಾ, ಅಪ್ಪನ ಮುಂದೇನೇ ಇದೇನಮ್ಮ ಅಂತ ಹಿಡಿದಿದಾನೆ.

ಹೊಡೆದ್ರಾ ಅಂತ ಕೇಳಿದೆ ಅಕ್ಕನ್ನ. "ಹೊಡೆದಿದ್ರೆ ಚೆನ್ನಾಗಿತ್ತು ಅಣ್ಣಯ್ಯ. ಅವತ್ತಿಂದ ನನ್ನ ಕೈ ಊಟ ಬಿಟ್ರು."

ಎರಡು ತಿಂಗಳು. ಮುದ್ದೆ ಬಸ್ಸಾರು ತಿಂದು ಗಟ್ಟಿಯಾಗಿದ್ದ ಮನುಷ್ಯ ಮಂಡಿ ಬೋಂಡ, ಟೀ, ಮಿಕ್ಚರು, ಉಳಿದಿದ್ದೆಲ್ಲಾ ಎಣ್ಣೆ. ಕುಡಿಯೋರ ಮೈಯಲ್ಲಿ ಬಿ1 ವಿಟಮಿನ್ ಮೊದಲೇ ಕಡಿಮೆ, ಹೊಟ್ಟೆ ಅದನ್ನ ಸರಿಯಾಗಿ ಹೀರಲ್ಲ, ಊಟಾನೂ ನಿಂತ್ರೆ ಡಬ್ಬ ತಳ ಕಾಣುತ್ತೆ. ಗೊತ್ತಾಗದಂಗೆ ಹಾಕಿದ ಮಾತ್ರೆ ಕುಡಿತ ಬಿಡಿಸ್ಲಿಲ್ಲ, ಊಟ ಬಿಡಿಸ್ತು. ಅಕ್ಕನ್ನ ಬಯ್ಯೋಕೆ ನನಗೆ ಮನಸ್ಸು ಬರ್ಲಿಲ್ಲ, ಇವತ್ತಿಗೂ ಬರಲ್ಲ. ಆಕೆ ಎಲ್ಲಿಗೆ ಹೋಗ್ಬೇಕಿತ್ತು ಹೇಳಿ. 2019ರಲ್ಲಿ ಬಂದ ರಾಷ್ಟ್ರೀಯ ಸರ್ವೆ ಪ್ರಕಾರ ಕುಡಿತದ ಚಟ ಗಟ್ಟಿಯಾಗಿರೋ 38 ಜನರಲ್ಲಿ ಒಬ್ಬರಿಗೆ ಏನೋ ಒಂದು ಚಿಕಿತ್ಸೆ ಸಿಕ್ಕಿರುತ್ತೆ, ಆಸ್ಪತ್ರೇಲಿ ಅಡ್ಮಿಟ್ ಆಗಿ ಚಿಕಿತ್ಸೆ ಸಿಕ್ಕಿರೋದು 180ಕ್ಕೆ ಒಬ್ಬರಿಗೆ. ಮಿಕ್ಕೋರ ಹೆಂಡ್ತೀರೆಲ್ಲಾ ಹಿಂಗೇ ಯಾರೋ ಹೇಳಿದ್ದು ಕೇಳ್ಕೊಂಡು ರಾಗಿ ಡಬ್ಬದಲ್ಲಿ ಏನೋ ಬಚ್ಚಿಡ್ತಿರ್ತಾರೆ.

ನವೆಂಬರಿಗೆ ಮಂಡೀಲಿ ಲೋಡು ಇಳಿದಿತ್ತು, ಕಾಸೂ ಇಳಿದಿತ್ತು. ಅಣ್ಣ ಫೋನ್ ಮಾಡಿ "ಗುರು, ಈ ಸಲ ಅಯ್ಯಪ್ಪ ಮಾಲೆ ಹಾಕ್ತಿದೀನಿ, ಸಾಕಾಯ್ತು, ಬಿಟ್ಬಿಡ್ತೀನಿ" ಅಂದ್ರು. ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಪೂಜೆ ಸಾಮಾನಿಗೆ ಇರ್ಲಿ ಅಂತ 200 ರೂಪಾಯಿ ಬೇರೆ ಕಳಿಸ್ದೆ. ನಮ್ಮ ಕಡೆ ಮಾಲೆ ಅನ್ನೋದು ಸಣ್ಣ ವಿಷ್ಯ ಅಲ್ಲ. ಯಾವ ಡಾಕ್ಟರ್ ಮಾತಿಗೂ ಬಗ್ಗದೇ ಇರೋರು ಗುರುಸ್ವಾಮಿ ಕೈಯಿಂದ ತುಳಸಿ ಮಣಿ ಕತ್ತಿಗೆ ಬಿದ್ದ ಕ್ಷಣದಿಂದ ಮಂಡಲ ಪೂರ್ತಿ ಮುಟ್ಟಲ್ಲ. ಕಪ್ಪು ಪಂಚೆ ಉಟ್ಟ ದಿನದಿಂದ ಊರೆಲ್ಲಾ ಸ್ವಾಮಿ ಅನ್ನುತ್ತೆ, ಹೆಂಡ್ತಿ ಸ್ವಾಮಿ ಅಂತಾಳೆ, ನಿನ್ನೆ ತನಕ ಏಯ್ ಬಾರೋ ಅಂತಿದ್ದ ಮೇಸ್ತ್ರಿ ಸ್ವಾಮಿ ಬನ್ನಿ ಅಂತಾನೆ. ಆ ಮರ್ಯಾದೇನೇ ಅರ್ಧ ಔಷಧಿ, ನಾನಿದನ್ನ ತಮಾಷೆಗೆ ಹೇಳ್ತಿಲ್ಲ, ಎಷ್ಟೋ ಜನ ಕುಡಿತ ಬಿಟ್ಟಿದ್ದು ಮಾಲೆಯಿಂದಾನೇ. ನಾನು ಅದನ್ನಷ್ಟೇ ನೋಡ್ದೆ. ಬುಕ್ಕಿನ ಹಿಂದಿನ ಪುಟ ತಿರುಗಿಸ್ಲಿಲ್ಲ. ನನಗೇನೂ ಆಗಿರ್ಲಿಲ್ಲವಲ್ಲ.

ಗುರುವಾರ 16ನೇ ತಾರೀಖು ರಾತ್ರಿ ಹತ್ತಕ್ಕೆ ಕೊನೇ ಕ್ವಾರ್ಟರ್, ಬೀಳ್ಕೊಡುಗೆ ಥರ. ಶುಕ್ರವಾರ 17, ವೃಶ್ಚಿಕ ಮಾಸದ ಮೊದಲ ದಿನ, ಬೆಳಿಗ್ಗೆ ನಾಲ್ಕಕ್ಕೆ ತಣ್ಣೀರು ಸ್ನಾನ, ಮಾಲೆ. ಮಧ್ಯಾಹ್ನಕ್ಕೆ ಕೈ ನಡುಗೋಕೆ ಶುರು, ಮೈಯೆಲ್ಲಾ ಬೆವರು, ತಣ್ಣೀರು ಹಿಡೀತು ಅಂದ್ಕೊಂಡ್ರು ಎಲ್ರೂ. ಸಂಜೆ ಹತ್ತಿರದ ಒಂದು ಕ್ಲಿನಿಕ್ಕಲ್ಲಿ ವೀಕ್‌ನೆಸ್ ಅಂತ ಎರಡು ಬಾಟಲ್ ಗ್ಲುಕೋಸ್ ಹಾಕಿ ಕಳಿಸಿದ್ರು. ಕುಡಿತದ ಬಗ್ಗೆ ಕೇಳಿದ್ರಾ ಅಂದ್ರೆ, ಕಪ್ಪು ಪಂಚೆ ಉಟ್ಟಿರೋ ಸ್ವಾಮಿನ ಯಾರು ಕೇಳ್ತಾರೆ. ಇಲ್ಲೊಂದು ವಿಷ್ಯ ಹೇಳ್ಲೇಬೇಕು, ಬಿ1 ಖಾಲಿ ಇರೋ ಮೈಗೆ ಬರೀ ಗ್ಲುಕೋಸ್ ಇಳಿಸಿದ್ರೆ ಉಳಿದಿರೋ ಚೂರುಪಾರೂ ಅದನ್ನ ಕರಗಿಸೋಕೇ ಖರ್ಚಾಗಿ, ಮೆದುಳಿಗೆ ಪೆಟ್ಟು ಬೀಳಬಹುದು, ಕಣ್ಣು ಸರಿಯಾಗಿ ಹೊರಳಲ್ಲ, ನಡಿಗೆ ತೂರಾಡುತ್ತೆ, ನೆನಪು ಹೋಗುತ್ತೆ. ಅದಕ್ಕೇ ಕುಡಿಯೋರಿಗೆ ಮೊದಲು ಥಯಾಮಿನ್, ಅಂದ್ರೆ ಅದೇ ಬಿ1, ಇಂಜೆಕ್ಷನ್, ಆಮೇಲೆ ಗ್ಲುಕೋಸ್.

ಶನಿವಾರ ಬೆಳಿಗ್ಗೆ ಐದಕ್ಕೆ, ಅಂದ್ರೆ ಕೊನೇ ಗುಟುಕಿಗೆ 31 ಗಂಟೆ, ದೇವಸ್ಥಾನದ ನಲ್ಲಿ ಹತ್ರ ಫಿಟ್ಸ್. ಕೈಗೆ ಬೀಗದ ಕೈ ಗೊಂಚಲು ಕೊಟ್ರು, ಒಬ್ರು ಈರುಳ್ಳಿ ಹಿಂಡಿದ್ರು, ಮಾಲೆ ಹಾಕಿರೋರಿಗೆ ಚಪ್ಪಲಿ ಮೂಸಿಸೋದು ಹೆಂಗೆ ಅಂತ ಅದೊಂದು ಬಿಟ್ರು. ಎರಡು ನಿಮಿಷಕ್ಕೆ ನಿಂತಿದೆ. ವ್ರತದಲ್ಲಿ ಏನೋ ಮೈಲಿಗೆ ಆಗಿದೆ ಅಂತ ಮನೆ ತೊಳೆದ್ರು. ಯಾರೂ ನಂಗೆ ಫೋನ್ ಮಾಡ್ಲಿಲ್ಲ. ಯಾಕೆ ಮಾಡ್ತಾರೆ, ಕುಡಿತದ ಕೇಸಿನೋನು ನಾನು, ಕುಡಿತ ಬಿಟ್ಟಾಯ್ತಲ್ಲ.

ಭಾನುವಾರ ನವೆಂಬರ್ 19. ವರ್ಲ್ಡ್ ಕಪ್ ಫೈನಲ್. ಇಡೀ ಕೋಲಾರ ಟಿವಿ ಮುಂದೆ. ನಾನೂ ಅಲ್ಲೇ, ಫೋನ್ ಸೈಲೆಂಟಲ್ಲಿ. ಆಸ್ಟ್ರೇಲಿಯಾ ಗೆದ್ದ ಮೇಲೆ ಬೇಜಾರಲ್ಲಿ ಊಟಾನೂ ಮಾಡದೆ ಮಲಗಿದ್ದೆ, ಹನ್ನೊಂದೂವರೆಗೆ ನೀರು ಕುಡಿಯೋಕೆ ಎದ್ದು ಫೋನ್ ನೋಡಿದ್ರೆ ಅಕ್ಕಂದು ನಾಲ್ಕು ಮಿಸ್ಡ್ ಕಾಲ್. ವಾಪಸ್ ಮಾಡ್ದೆ. ಹಿಂದೆ ಕಿರುಚಾಟ, ಅತ್ತೆ "ಗಾಲಿ ಸೋಕಿಂದಿ, ಗಾಲಿ ಸೋಕಿಂದಿ" ಅಂತ, ಅಂದ್ರೆ ದೆವ್ವದ ಗಾಳಿ ಸೋಕಿದೆ ಅಂತ, ಅಳೋದು ಕೇಳ್ತಿತ್ತು. ಹದಿನೈದು ಕಿಲೋಮೀಟರ್ ಬೈಕಲ್ಲಿ ಹೋದೆ.

ಅಣ್ಣ ನಡುಮನೇಲಿ ನಿಂತು ಬಾಕ್ಸ್ ಎತ್ತುತಿದ್ರು. ಬಾಕ್ಸ್ ಇರ್ಲಿಲ್ಲ. ಬಗ್ಗೋದು, ಎರಡು ಕೈ ಸೇರ್ಸಿ ಎತ್ತಿ ಹೆಗಲ ತನಕ ತಂದು, ತಿರುಗಿ, ಗೋಡೆಗೆ ಜೋಡಿಸೋದು, ಮತ್ತೆ ಬಗ್ಗೋದು. "ಲಾರಿ ಹೊರಡುತ್ತೆ, ಎತ್ರೋ, ಎತ್ರೋ" ಅಂತ ಕೂಗು. ಸಂಜೆ ಏಳರಿಂದ ಹಿಂಗೇ ಅಂತೆ. ಮೈ ಕೆಂಡ, ಕಣ್ಣು ಎಲ್ಲೂ ನಿಲ್ತಿಲ್ಲ, ನಡು ನಡುವೆ ಪಂಚೆ ಮೇಲೆ ಹುಳ ಹರಿದಂಗೆ ಕೊಡವಿಕೊಳ್ತಿದ್ರು. ಸನ್ನಿ ಹಿಡಿದಾಗ ಕೆಲವರು ತಮ್ಮ ಕಸುಬೇ ಮಾಡ್ತಾ ಇರ್ತಾರೆ ಅಂತ ಡಾಕ್ಟರ್ ಆಮೇಲೆ ಹೇಳಿದ್ರು. ಇಪ್ಪತ್ತು ವರ್ಷದ ಕೂಲಿ ಒಂದೇ ರಾತ್ರೀಲಿ ಮತ್ತೆ ಎತ್ತುತಿದಾರೆ, ಎಣ್ಣೆ ಕಾಸೂ ಇಲ್ಲದೆ, ಅನ್ನಿಸ್ತು ನಂಗೆ. ಮಂತ್ರ ಹಾಕೋರು ಒಬ್ರು ಬಾಗಿಲಲ್ಲಿ ನಿಂಬೆಹಣ್ಣು ಹಿಡಿದು ಕೂತಿದ್ರು, ಅವರ ಜೊತೆ ನಾನು ವಾದ ಮಾಡ್ಲಿಲ್ಲ, "ನೀವು ನಿಮ್ದು ಮಾಡಿ ಸ್ವಾಮಿ, ನಾನು ಗಾಡಿ ಕರೀತೀನಿ" ಅಂದೆ. ಅಕ್ಕನ ಅಣ್ಣ ಒಬ್ಬ ಕಿವೀಲಿ "ಒಂದು ನೈಂಟಿ ಬಾಯಿಗೆ ಬಿಟ್ರೆ ಸರಿಹೋಗುತ್ತಾ" ಅಂತ ಕೇಳ್ದ. ಅವನು ಕೇಳಿದ್ರಲ್ಲಿ ಬುದ್ಧಿ ಇತ್ತು, ಆದ್ರೆ ಹೊತ್ತು ಮೀರಿತ್ತು. ಎಚ್ಚರ ತಪ್ಪಿರೋ, ಸನ್ನಿ ಹಿಡಿದಿರೋ ಬಾಯಿಗೆ ಏನು ಹಾಕಿದ್ರೂ ಶ್ವಾಸಕ್ಕೆ ಹೋಗಬಹುದು. 108 ಬಂತು, ನಾಲ್ಕು ಜನ ಹಿಡಿದು ಹತ್ತಿಸಿದ್ವಿ.

ಆಸ್ಪತ್ರೇಲಿ ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ "ಲಾಸ್ಟ್ ಯಾವಾಗ ಕುಡಿದಿದ್ದು?" ಅಕ್ಕ ಹೇಳಿದ್ರು, ಗುರುವಾರ ರಾತ್ರಿ ಹತ್ತು. ಅವರು ಕೈ ಬೆರಳಲ್ಲಿ ಗಂಟೆ ಎಣಿಸಿ ತಲೆ ಆಡಿಸಿದ್ರು, ಅಷ್ಟೇ, ಎಲ್ಲಾ ಅರ್ಥ ಆಯ್ತು ಅವರಿಗೆ. ನಾನು ಮೂರು ತಿಂಗಳಿಂದ ಬುಕ್ ತುಂಬಾ ಬರ್ಕೊಂಡಿದ್ದೆ. ಥಯಾಮಿನ್ ಹಾಕಿದ್ರು, ನಡುಕ ಇಳಿಸೋಕೆ ಲೊರಾಜೆಪಾಮ್ ಕೊಟ್ರು, ಲಿವರ್ ಸರಿ ಇಲ್ಲದೋರಿಗೆ ಆ ಮಾತ್ರೆ ವಾಸಿಯಂತೆ. ಸರಿಯಾಗಿ ನೋಡ್ಕೊಂಡ್ರೆ ಈ ಸನ್ನೀಲಿ ಸಾಯೋದು ನೂರಕ್ಕೆ ಐದಕ್ಕಿಂತ ಕಡಿಮೆ, ಮನೇಲೇ ಬಿಟ್ರೆ ಆ ಲೆಕ್ಕ ಎಷ್ಟೋ ಪಟ್ಟು ಏರುತ್ತೆ.

ಅಲ್ಲೊಂದು ತೊಡಕು ಬಂತು. ಅಣ್ಣ ಒದ್ದಾಡ್ತಾ ಮಾಲೆ ಎಳೀತಿದ್ರು, ಕತ್ತಿಗೆ ಬಿಗಿಯುತ್ತೆ ತೆಗೀರಿ ಅಂತ ಸಿಸ್ಟರ್. ಅಕ್ಕ ಕೈ ಮುಗಿದು ಬೇಡ ಅಂತಾರೆ, ಮಂಡಲ ಮುಗಿಯದೆ ಮಾಲೆ ತೆಗೆದ್ರೆ ಏನಾಗುತ್ತೋ ಅಂತ ಭಯ. ನಾನು ಗುರುಸ್ವಾಮಿಗೆ ಫೋನ್ ಮಾಡ್ದೆ. ಅರವತ್ತು ದಾಟಿರೋರು, ರಾತ್ರಿ ಒಂದೂವರೆಗೆ ಮೊಮ್ಮಗನ ಬೈಕಲ್ಲಿ ಹಿಂದೆ ಕೂತು ಬಂದ್ರು. ಶರಣಂ ಕೂಗಿ, ತಮ್ಮ ಕೈಯಾರೆ ಮಾಲೆ ಬಿಚ್ಚಿ ಹೆಗಲಿನ ಟವಲಲ್ಲಿ ಸುತ್ತಿಕೊಂಡ್ರು. "ತೆಗೆದಿದ್ದು ನಾನಮ್ಮ, ದೋಷ ಏನಿದ್ರೂ ನನಗೆ ಬರ್ಲಿ" ಅಂದ್ರು. ಆಮೇಲೆ ಕಾರಿಡಾರಲ್ಲಿ ನನ್ನ ಪಕ್ಕ ಕೂತು ತುಂಬಾ ಹೊತ್ತು ಸುಮ್ನಿದ್ದು ಕೇಳಿದ್ರು: "ಹೋದ ವರ್ಷ ಇನ್ನೊಬ್ಬ ಹುಡುಗ ಹಿಂಗೇ ಮಾಲೆ ಹಾಕಿದ ಎರಡನೇ ದಿನ ಫಿಟ್ಸ್ ಬಂದು ಬಿದ್ದಿದ್ದ. ಇದೇನಾ ಅದೂ?"

ಐದನೇ ದಿನಕ್ಕೆ ಅಣ್ಣ ಹೆಂಡ್ತೀನ ಗುರುತು ಹಿಡಿದ್ರು. ಹತ್ತನೇ ದಿನ ಮನೆ.

ಇನ್ನು ಮನೆಯವರ ಜಗಳ. ಅಕ್ಕನ ಅಣ್ಣ ಬೆಂಗಳೂರು ಕಡೆ ಒಂದು ಕುಡಿತ ಬಿಡಿಸೋ ಸೆಂಟರ್ ನೋಡಿಟ್ಟಿದ್ದ, ಅವರೇ ವ್ಯಾನಲ್ಲಿ ಬಂದು ಎತ್ಕೊಂಡು ಹೋಗ್ತಾರೆ, ಮೂರು ತಿಂಗಳು, ಮೊದಲ ತಿಂಗಳು ಮನೆಯೋರು ನೋಡಂಗಿಲ್ಲ. ನನ್ನ ಹತ್ರ ಬಂದ ಎಷ್ಟೋ ಮನೆಗಳಲ್ಲಿ ಇದೇ ಕೊನೇ ಅಸ್ತ್ರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೇಲಿ ಮದ್ಯದ ಚಟದಿಂದ ಬರೋ ಮಾನಸಿಕ ತೊಂದರೇನೂ ಸೇರಿದೆ. ತಾನೇ ಒಪ್ಪಿ ಅಡ್ಮಿಟ್ ಆಗ್ಬೇಕು, ಒಪ್ಪೋ ಸ್ಥಿತೀಲಿ ಇಲ್ಲ ಅಂದ್ರೆ ಸೆಕ್ಷನ್ 89, ಒಬ್ಬ ಸೈಕಿಯಾಟ್ರಿಸ್ಟು ಮತ್ತೆ ಇನ್ನೊಬ್ಬ ಡಾಕ್ಟರೋ ತಜ್ಞರೋ ಬೇರೆ ಬೇರೆ ನೋಡಿ ಬರೀಬೇಕು, ಅದೂ ಮೊದಲಿಗೆ 30 ದಿನದ ಮಿತಿ. ಸರಪಳಿ ಹಾಕೋದಂತೂ ಅಪರಾಧ, ಸೆಂಟರಿಗೆ ರಿಜಿಸ್ಟ್ರೇಷನ್ ಇರ್ಲೇಬೇಕು. ಇದನ್ನೆಲ್ಲಾ ನಾನು ಜೋರಾಗಿ ಹೇಳಿದ್ದಕ್ಕೆ ಆತ "ಸಾರ್, ಕಾನೂನು ರಾತ್ರಿ ಹನ್ನೆರಡಕ್ಕೆ ಬಂದು ನಮ್ಮ ತಂಗಿ ಮನೆ ಬಾಗಿಲು ಕಾಯುತ್ತಾ" ಅಂದ. ಉತ್ತರ ಇರ್ಲಿಲ್ಲ ನನ್ನ ಹತ್ರ. ಎಲ್ಲಾ ಸೆಂಟರೂ ಕೆಟ್ಟವಲ್ಲ, ಅಣ್ಣ ಒಪ್ಪಿದ್ರೆ ನಾನೇ ಒಳ್ಳೇದೊಂದಕ್ಕೆ ಕರ್ಕೊಂಡು ಹೋಗ್ತಿದ್ದೆ. ಆದ್ರೆ ಒಂದು ಸಲ ಊಟದಲ್ಲಿ ಮೋಸ ಆಯ್ತು ಅಂತ ಎರಡು ತಿಂಗಳು ಮನೆ ಅನ್ನ ಬಿಟ್ಟ ಮನುಷ್ಯನ್ನ ವ್ಯಾನಲ್ಲಿ ಎತ್ತಿ ಹಾಕಿದ್ರೆ ಆಮೇಲೆ ಯಾವ ಮುಖ ಇಟ್ಕೊಂಡು ಆ ಮನೇಲಿ ಬಾಳ್ತಾರೆ. ಕೊನೆಗೆ ಅಣ್ಣನ್ನೇ ಕೇಳಿದ್ವಿ. "ಆಸ್ಪತ್ರೆಗೆ ಬತ್ತೀನಿ, ವ್ಯಾನ್ ಬೇಡ" ಅಂದ್ರು.

ತಾಲ್ಲೂಕು ಆಸ್ಪತ್ರೇಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತೆ, ಜಿಲ್ಲೆಯಿಂದ ಸೈಕಿಯಾಟ್ರಿಸ್ಟ್ ಬರ್ತಾರೆ. ಲಿವರ್ ರಿಪೋರ್ಟ್ ನೋಡಿ ಅವರು ಡೈಸಲ್ಫಿರಾಮ್ ಬೇಡವೇ ಬೇಡ ಅಂದ್ರು, ಆಸೆ ತಗ್ಗಿಸೋಕೆ ಅಕಾಂಪ್ರೊಸೇಟ್ ಬರೆದ್ರು, ಲಿವರಿಗೆ ಹೊರೆ ಅಲ್ಲ ಅಂತ. ದಿನಕ್ಕೆ ಮೂರು ಹೊತ್ತು ನುಂಗೋದು, ಲೋಡಿಂಗ್ ಮಧ್ಯೆ ಮಧ್ಯಾಹ್ನದ ಡೋಸ್ ಯಾವತ್ತೂ ತಪ್ತಿತ್ತು. ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅಕ್ಕ ತಾನಾಗೇ ಕಂಡ್ಕೊಂಡ ಉಪಾಯ. ಅಣ್ಣನ ಎದುರಿಗೇ ಒಂದೇ ಪಾತ್ರೆಯಿಂದ ಬಡಿಸಿ, ಒಂದೇ ತಟ್ಟೇಲಿ ಮೊದಲ ತುತ್ತು ತಾನು ತಿಂದು ತಟ್ಟೆ ಅವರ ಕಡೆ ತಳ್ಳೋದು. ಒಂದು ವಾರ ಅಣ್ಣ ಮುಟ್ಟಲಿಲ್ಲ. ಎಂಟನೇ ದಿನ ಮುದ್ದೆ ಮುರಿದ್ರಂತೆ. ಫೋನಲ್ಲಿ ಅಕ್ಕ ಇದನ್ನ ಹೇಳಿದಾಗ ನಾನು ಮಂಡೀಲಿ ನಿಂತಿದ್ದೆ, ಸುತ್ತ ಹರಾಜಿನ ಗಲಾಟೆ, ಏನಂದ್ರಿ ಏನಂದ್ರಿ ಅಂತ ಮೂರು ಸಲ ಕೇಳಿಸ್ಕೊಂಡೆ.

ಮೇಸ್ತ್ರಿ ಜೊತೆ ಮಾತಾಡಿ ಲೋಡಿಂಗ್ ಬಿಡಿಸಿ ಗ್ರೇಡಿಂಗ್ ಕೆಲಸಕ್ಕೆ ಹಾಕ್ಸಿದ್ವಿ. ಕೂಲಿ ಕಡಿಮೆ, ಎಣ್ಣೆ ಕಾಸು ಇಲ್ಲ. ಆ ಕಾಸನ್ನ ಎಲ್ಲರಿಗೂ ಕೂಲೀಲೇ ಸೇರ್ಸಿ ಕೊಡಿ ಅಂತ ಕೇಳ್ಕೊಂಡೆ, ಅದು ಆಗ್ಲಿಲ್ಲ.

ಯುಗಾದಿ ತನಕ, ಅಂದ್ರೆ ನಾಲ್ಕೂವರೆ ತಿಂಗಳು, ಮುಟ್ಟಲಿಲ್ಲ. 2024ರ ಏಪ್ರಿಲ್ 10, ಯುಗಾದಿ ಮಾರನೇ ದಿನ, ಹೊಸತೊಡಕು. ಹೊಸತೊಡಕಿಗೆ ನಮ್ಮ ಕಡೆ ಹೆಂಗಿರುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ, ಮಟನ್ ಅಂಗಡಿ ಮುಂದೆ ಬೆಳಗಿನ ಜಾವದಿಂದ ಕ್ಯೂ, ವೈನ್ ಶಾಪ್ ಮುಂದೆ ಅದಕ್ಕಿಂತ ದೊಡ್ಡ ಕ್ಯೂ. ಅಣ್ಣ ಕುಡಿದ್ರು. ಮೂರು ದಿನ. ನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ನನ್ನ ಫೋನ್ ಬಡ್ಕೊಳ್ತು. "ಗುರು, ಬಯ್ಯಬೇಡ. ಲಾಸ್ಟ್ ಕುಡಿದಿದ್ದು ರಾತ್ರಿ ಹನ್ನೊಂದಕ್ಕೆ. ಏಳು ಗಂಟೆ ಆಯ್ತು. ಕೈ ಇನ್ನೂ ಶುರುವಾಗಿಲ್ಲ, ಗಾಡಿ ತತ್ತೀಯಾ?" ಎಂಟಕ್ಕೆ ಆಸ್ಪತ್ರೇಲಿದ್ವಿ. ಈ ಸಲ ಫಿಟ್ಸೂ ಇಲ್ಲ, ಸನ್ನೀನೂ ಇಲ್ಲ, ನಾಲ್ಕು ದಿನಕ್ಕೆ ಮನೆ. ನಮ್ಮ ಮೀಟಿಂಗಲ್ಲಿ ಇದನ್ನ ರಿಲ್ಯಾಪ್ಸ್, ಅಂದ್ರೆ ಬಿಟ್ಟೋರು ಮತ್ತೆ ಕುಡಿತಕ್ಕೆ ಬಿದ್ದಿದ್ದು ಅನ್ನೋ ಕಾಲಮಲ್ಲಿ ಬರೆದ್ರು, ಬರೀಲಿ, ನಾನು ಬೇಡ ಅನ್ನಲ್ಲ.

ಅಕ್ಟೋಬರಲ್ಲಿ ಗುರುಸ್ವಾಮಿ ತಾವೇ ಫೋನ್ ಮಾಡಿದ್ರು. ಮಾಲೆ ಹಾಕೋಕೆ ಹೆಸರು ಕೊಟ್ಟೋರಿಗೆಲ್ಲಾ "ಬೆಳಿಗ್ಗೆ ಎದ್ದ ತಕ್ಷಣ ಬೇಕಾಗುತ್ತಾ" ಅಂತ ಕೇಳೋಕೆ ಶುರು ಮಾಡಿದಾರೆ. ಕುಡೀತೀಯಾ ಅಂತ ಕೇಳಿದ್ರೆ ಎಲ್ರೂ ಇಲ್ಲ ಅಂತಾರೆ, ಹಿಂಗೆ ಕೇಳಿದ್ರೆ ಬಾಯಿಬಿಡ್ತಾರೆ ಅಂದ್ರು, ಇದು ನನಗೂ ಹೊಳೆದಿರ್ಲಿಲ್ಲ. ನಾವು ಮಾತಾಡ್ಕೊಂಡಿದ್ದು ಇಷ್ಟು: ಬೇಕು ಅಂದೋರು ಮಾಲೆಗೆ ಎರಡು ವಾರ ಮುಂಚೆ ಡಾಕ್ಟರ್ ಹತ್ರ ಹೋಗ್ಬೇಕು, ಅಲ್ಲಿ ತನಕ ದಿಢೀರಂತ ನಿಲ್ಲಿಸೋದು ಬೇಡ. ನಿಲ್ಲಿಸ್ಬೇಡ ಅಂತ ಗುರುಸ್ವಾಮಿ ಬಾಯಲ್ಲಿ ಹೇಳಿಸೋದು ಸುಲಭ ಇರ್ಲಿಲ್ಲ. "ಕುಡಿ ಅಂತ ನಾನು ಹೆಂಗೆ ಹೇಳ್ಲಿ" ಅಂತ ಒಂದು ವಾರ ಒದ್ದಾಡಿದ್ರು. ಆಮೇಲೆ ತಾವೇ ಒಂದು ಮಾತು ಹೊಂದಿಸ್ಕೊಂಡ್ರು, "ಡಾಕ್ಟರ್ ಚೀಟಿ ತಂದ ಮೇಲೇ ಮಾಲೆ." ಅವರ ನೋಟ್‌ಬುಕ್ಕಲ್ಲಿ ಈಗ ಹೆಸರಿನ ಪಕ್ಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದಿದೆ, ನನ್ನ ನಂಬರ್ ಅದರ ಕೆಳಗೆ.

ಆ ವರ್ಷ ಮೂರು ಜನ ಸಿಕ್ರು. ಇಬ್ರು ಬಂದು ಚಿಕಿತ್ಸೆ ತಗೊಂಡು ಆಮೇಲೆ ಮಾಲೆ ಹಾಕಿದ್ರು. ಮೂರನೇಯೋನು ನನ್ನನ್ನ ಕುಡುಕ ಅಂತ ಆಸ್ಪತ್ರೆಗೆ ಕಳಿಸ್ತೀರಾ ಅಂತ ರೇಗಿ ಪಕ್ಕದೂರಿನ ಇನ್ನೊಬ್ರು ಗುರುಸ್ವಾಮಿ ಹತ್ರ ಹಾಕಿಸ್ಕೊಂಡ, ನಾಲ್ಕು ದಿನ ಅವನ ಮನೆ ಮುಂದೆ ಬೆಳಿಗ್ಗೆ ಸಂಜೆ ಸುಮ್ನೆ ಬೈಕ್ ಓಡಿಸಿದೆ, ಏನೂ ಆಗ್ಲಿಲ್ಲ ಅವನಿಗೆ, ಈಗ್ಲೂ ಸಿಕ್ಕಿದ್ರೆ ನೋಡಿದ್ರಾ ಅಂತ ನಗ್ತಾನೆ. ಅಣ್ಣ ಮಾಲೆ ಹಾಕ್ಲಿಲ್ಲ. ಯಾಕಣ್ಣ ಅಂದೆ. "ಹಾಕಿದ್ರೆ ನಲವತ್ತು ದಿನ ಸ್ವಾಮಿ ಅಂತೀರಾ, ತೆಗೆದ ಮಾರನೇ ದಿನ ಏಯ್ ಅಂತೀರಾ, ಅದ್ಯಾಕೆ ಬೇಕು ಗುರು" ಅಂತ ಬಾಕ್ಸಿಂದ ಕೊಳೆತ ಹಣ್ಣು ಆರಿಸಿ ಪಕ್ಕಕ್ಕೆ ಹಾಕ್ತಾ ಇದ್ರು. ಆಮೇಲಿಂದ ಗ್ರೇಡಿಂಗ್ ಶೆಡ್ಡಿಗೆ ಹೋದಾಗೆಲ್ಲಾ ಅವರನ್ನ ನಾನು ಸ್ವಾಮಿ ಅಂತಾನೇ ಕರೆಯೋದು, ಅವರು ತಲೆ ಎತ್ತದೆ ಒಂದು ಹಣ್ಣು ನನ್ನ ಕಡೆ ಎಸೀತಾರೆ.